ಹಗ್ಗಕ್ಕೆ ಭಾರ, ಏಣಿಗೆ ಹಗುರ

ಬೆಳಗ್ಗೆ ಒಂಬತ್ತೂಕಾಲಿಗೆ ಪೈಲ್ವಾನನ ಕಾಲು ಉಳುಕದೇ ಇದ್ದಿದ್ದರೆ ಇಷ್ಟೆಲ್ಲ ರಾಮಾಯಣ ಆಗುತ್ತಲೇ ಇರಲಿಲ್ಲ.

ಪೈಲ್ವಾನ್ ಎಂದರೆ ಪಾರ್ಸೆಲ್ ಕಚೇರಿಯ ಲೋಡಿಂಗ್ ಮೇಸ್ತ್ರಿ. ಸಂಜೆ ನಾಲ್ಕಕ್ಕೆ ಎದುರು ರಸ್ತೆಯ ಪ್ರಿಂಟಿಂಗ್ ಪ್ರೆಸ್ಸಿನವರ ಮೇಲೆ ಹಗ್ಗಜಗ್ಗಾಟದ ಫೈನಲ್. ಹಗ್ಗದ ತುದಿಯನ್ನು ಸೊಂಟಕ್ಕೆ ಸುತ್ತಿಕೊಂಡು ಕೊನೆಯಲ್ಲಿ ನಿಲ್ಲಬೇಕಾದವನು ಅವನೇ. ಆ ಮಹಾನುಭಾವ ಲಾರಿಯಿಂದ ಇಳಿಯುವಾಗ ಆಕಾಶ ನೋಡಿಕೊಂಡು ಕಾಲಿಟ್ಟ. ಪಾದ ಊದಿ ಬನ್ನಿನಂತಾಯಿತು.

"ಇನ್ನು ಕೊನೇಲಿ ಯಾರಪ್ಪಾ ನಿಲ್ಲೋದು?" ಎಂದು ಮ್ಯಾನೇಜರ್ ತಲೆ ಮೇಲೆ ಕೈ ಹೊತ್ತರು. ನಾಲ್ಕು ವರ್ಷದಿಂದ ಕಪ್ ಪ್ರೆಸ್ಸಿನವರ ಗಾಜಿನ ಬೀರುವಿನಲ್ಲೇ ಕೂತು ಇವರನ್ನು ಅಣಕಿಸುತ್ತಿತ್ತು.

ಇಡೀ ಕಚೇರಿಯ ಕಣ್ಣು ತೂಕದ ಕೌಂಟರಿನತ್ತ ತಿರುಗಿತು. ಅಲ್ಲಿ ಕೂತಿದ್ದವನು ಕ್ವಿಂಟಾಲ್.

ಅವನಿಗೂ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು. ಆದರೆ ಹಾಜರಿ ಪುಸ್ತಕ ಬಿಟ್ಟರೆ ಬೇರೆಲ್ಲೂ ಅದು ಕೆಲಸಕ್ಕೆ ಬರುತ್ತಿರಲಿಲ್ಲ. ಯಾವಾಗಲೋ ಒಮ್ಮೆ ಪಾರ್ಸೆಲ್ ತೂಗುವ ಯಂತ್ರದ ಮೇಲೆ ಅವನನ್ನು ನಿಲ್ಲಿಸಿದಾಗ ಮುಳ್ಳು ಸರಿಯಾಗಿ ನೂರಕ್ಕೆ ಬಂದು ನಿಂತಿತ್ತು. ಅಂದಿನಿಂದ ಕ್ವಿಂಟಾಲ್. ಅವನು ಊಟದ ಡಬ್ಬಿ ಬಿಚ್ಚಿದರೆ ಬುದ್ಧಿವಾದ, ಕುರ್ಚಿಯಲ್ಲಿ ಕೂತರೆ ಕುರ್ಚಿಗೆ ಸಂತಾಪ. ಪೈಲ್ವಾನನೂ ಅವನಷ್ಟೇ ತೂಕದವನು, ಒಂದು ಕೈ ಮೇಲೇ ಅನ್ನಿ. ಆದರೆ ಪೈಲ್ವಾನ್ 'ಕಟ್ಟುಮಸ್ತು', ಕ್ವಿಂಟಾಲ್ 'ದಪ್ಪ'. ಇದೆಲ್ಲಿಯ ನ್ಯಾಯ ಅಂತ ನನ್ನನ್ನು ಕೇಳಬೇಡಿ, ನನಗೂ ಗೊತ್ತಿಲ್ಲ.

ತಮಾಷೆ ಏನೆಂದರೆ ಅವನೀಗ ಕ್ವಿಂಟಾಲ್ ಆಗಿ ಉಳಿದೇ ಇರಲಿಲ್ಲ. ಗೋಡೌನ್ ಸೂಪರ್‌ವೈಸರ್ ಹುದ್ದೆ ಖಾಲಿಯಾದಾಗ, ಹದಿನಾರು ವರ್ಷ ಸವೆಸಿದ್ದೇನೆ ಎಂಬ ಧೈರ್ಯದಲ್ಲಿ ಅರ್ಜಿ ಹಾಕಿದ್ದ. ಮ್ಯಾನೇಜರ್ ಅವನನ್ನು ಗೋಡೌನಿಗೆ ಕರೆದುಕೊಂಡು ಹೋಗಿ ಏಣಿ ತೋರಿಸಿದ್ದರು. ಅದರ ಮೇಲೆ ಕೆಂಪು ಅಕ್ಷರದಲ್ಲಿ '೯೫ ಕೆಜಿ ಮೀರಬಾರದು' ಎಂದು ಬರೆದಿತ್ತು.

"ಸೂಪರ್‌ವೈಸರ್ ಆದೋನು ಏಣಿ ಹತ್ತಬೇಕಪ್ಪಾ. ಮೂರು ತಿಂಗಳು ಕಾಯ್ತೀನಿ. ತೊಂಬತ್ತೈದರ ಒಳಗೆ ಬಾ, ಡಾಕ್ಟ್ರ ಸರ್ಟಿಫಿಕೇಟ್ ತಾ. ಆಮೇಲೆ ಮಾತಾಡೋಣ."

ಮೂರು ತಿಂಗಳು ಕ್ವಿಂಟಾಲ್ ಹೊಟ್ಟೆಗೆ ತಣ್ಣೀರು ಬಟ್ಟೆ ಹಾಕಿಕೊಂಡು ಮಲಗಿದ. ಹೆಂಡತಿ ಮಕ್ಕಳು ಉಣ್ಣುವಾಗ ಗೋಡೆ ಕಡೆ ಮುಖ ಮಾಡಿ ಸೌತೆಕಾಯಿ ಕಡಿದ. ಇವತ್ತೇ ಗಡುವಿನ ದಿನ, ಸಂಜೆ ಐದಕ್ಕೆ ಕಂಪನಿ ಡಾಕ್ಟರ ಮುಂದೆ ತೂಕ. ಬೆಳಗ್ಗೆ ಯಾರೂ ಬರುವ ಮುಂಚೆ ಯಂತ್ರದ ಮೇಲೆ ತಾನೇ ಹತ್ತಿ ನೋಡಿದ್ದ: ತೊಂಬತ್ನಾಲ್ಕು! ಸ್ವರ್ಗಕ್ಕೆ ಮೂರೇ ಗೇಣು ಉಳಿದಿತ್ತು.

"ಕ್ವಿಂಟಾಲೂ, ಇವತ್ತು ನೀನೇ ನಮ್ಮ ಮಾನ ಕಾಪಾಡ್ಬೇಕು," ಎಂದರು ಮ್ಯಾನೇಜರ್.

"ಸಾರ್, ನಾನೀಗ ತೊಂಬತ್ನಾಲ್ಕೇ ಕೆಜಿ," ಎಂದ ಕ್ವಿಂಟಾಲ್, ಎದೆ ಉಬ್ಬಿಸಿ.

ಎಲ್ಲರೂ ಅವನನ್ನು ಅಡಿಯಿಂದ ಮುಡಿವರೆಗೆ ಅಳೆದು ನೋಡಿದರು.

"ಅಯ್ಯೋ ತಮ್ಮಾ, ಎಂಥ ಮೈ ಹಾಳು ಮಾಡ್ಕೊಂಡ್ಯೋ!" ಎಂದು ಬುಕಿಂಗ್ ಅಕ್ಕ ಕೆನ್ನೆಗೆ ಕೈ ಹಚ್ಚಿದಳು. ನಿನ್ನೆ ತನಕ 'ನಿನ್ನ ಹೆಂಡ್ತಿಗೆ ಅಡುಗೆಮನೆ ಬೀಗ ಹಾಕೋಕೆ ಹೇಳು' ಅಂದವಳು ಇವಳೇ.

"ಯಾರನ್ನ ಕೇಳಿ ಇಳಿಸ್ದೆ?" ಎಂದು ರೇಗಿದ ಕ್ಯಾಷಿಯರ್ ಕಡ್ಡಿ. ಅವನ ಹೆಸರಿಗೆ ವಿವರಣೆ ಬೇಕಿಲ್ಲ.

"ಆಗಿದ್ದಾಯ್ತು. ಇನ್ನೂ ಆರು ಗಂಟೆ ಟೈಮಿದೆ," ಎಂದರು ಮ್ಯಾನೇಜರ್. "ತಿನ್ಸಿ ಇವನಿಗೆ!"

"ಸಾರ್, ಐದಕ್ಕೆ ಡಾಕ್ಟ್ರು..."

"ಡಾಕ್ಟ್ರನ್ನ ನನಗೆ ಬಿಡು. ಕಪ್ ತಂದೋನನ್ನ ನಾನು ಕೈ ಬಿಡ್ತೀನಾ?"

ಎರಡು ಡಜನ್ ಬಾಳೆಹಣ್ಣು ಬಂದವು. ಒಂದು ಡಜನ್ ಬೇಯಿಸಿದ ಮೊಟ್ಟೆ ಬಂದವು. ಬ್ರೆಡ್ಡು ಬಂತು, ಜಗ್ಗಿನ ಮೇಲೆ ಜಗ್ಗು ನೀರು ಬಂತು. ಮೊದಲ ಬಾಳೆಹಣ್ಣಿಗೆ ಕ್ವಿಂಟಾಲನ ಮನಸ್ಸು ಬೇಡ ಅಂದಿತು. ಎರಡನೆಯದಕ್ಕೆ ಅವನ ಕಣ್ಣಲ್ಲಿ ನೀರು ತುಂಬಿತು. ಮೂರನೆಯದರಿಂದ ಮುಂದೆ ಯಾರೂ ಬಲವಂತ ಮಾಡಬೇಕಾಗಲಿಲ್ಲ. ಹದಿನಾರು ವರ್ಷದಲ್ಲಿ ಮೊದಲ ಸಲ ಅವನು ತಿನ್ನುವುದನ್ನು ನೋಡಿ ಜನ ಚಪ್ಪಾಳೆ ತಟ್ಟುತ್ತಿದ್ದರು. ಒಂದೂವರೆಗೆ ಯಂತ್ರದ ಮೇಲೆ ನಿಲ್ಲಿಸಿದರು. ತೊಂಬತ್ತೆಂಟು! ಕಡ್ಡಿ ಕುಣಿದೇಬಿಟ್ಟ.

ಎರಡು ಗಂಟೆಗೆ ಪ್ರೆಸ್ಸಿನಿಂದ ಒಬ್ಬ ಬಂದು, ನಗುತ್ತಾ, ಒಂದು ಹಾಳೆ ಕೊಟ್ಟು ಹೋದ. ಈ ವರ್ಷದ ಹೊಸ ನಿಯಮ: ಎಂಟು ಜನರ ಒಟ್ಟು ತೂಕ ಆರುನೂರ ನಲವತ್ತು ಕೆಜಿ ಮೀರುವಂತಿಲ್ಲ. ಮೂರೂವರೆಗೆ ಮೈದಾನದಲ್ಲಿ ತೂಕ.

ಕಡ್ಡಿ ಎಲ್ಲರನ್ನೂ ತೂಗಿ ಕೂಡಿದ. "ನಾವು ಏಳು ಜನ ಐನೂರ ನಲವತ್ತೈದು. ಇವನು ತೊಂಬತ್ತೆಂಟು. ಆರ್ನೂರ ನಲವತ್ಮೂರು. ಮೂರು ಕೆಜಿ ಜಾಸ್ತಿ!"

"ಹಾಗಾದ್ರೆ ಬೆಳಗ್ಗೆ ಇದ್ದಂಗೇ ಇದ್ದಿದ್ರೆ ಸರಿಯಾಗ್ತಿತ್ತಲ್ಲೋ!" ಎಂದಳು ಅಕ್ಕ.

ಎಲ್ಲರೂ ಕ್ವಿಂಟಾಲನನ್ನು ದುರುಗುಟ್ಟಿ ನೋಡಿದರು.

"ಅಷ್ಟೊಂದು ಯಾಕೋ ತಿಂದೆ?" ಎಂದರು ಮ್ಯಾನೇಜರ್. "ತಿನ್ನು ಅಂದ್ರೆ ಮಿತಿ ಬೇಡ್ವಾ?"

ಕ್ವಿಂಟಾಲ್ ಬೆರಳು ಮಡಿಸಿ ಲೆಕ್ಕ ಹಾಕಿದ. "ಸಾರ್, ಎಂಟು ಜನ ಇದೀವಿ. ಒಬ್ಬೊಬ್ರು ಅರ್ಧರ್ಧ ಕೆಜಿ ಇಳಿಸಿದ್ರೆ ಆಯ್ತಲ್ಲ?"

"ನಾವ್ಯಾಕೆ ಇಳಿಸ್ಬೇಕು?" ಎಂದ ಕಡ್ಡಿ. "ನಾವೇನು ದಪ್ಪ ಇದೀವಾ?"

ಕ್ವಿಂಟಾಲನಿಗೆ ಎರಡು ಸ್ವೆಟರ್ ತೊಡಿಸಿದರು, ಮೇಲೆ ರೇನ್‌ಕೋಟ್ ಹಾಕಿದರು, ಅದರ ಮೇಲೆ ಗಾಜಿನ ಸಾಮಾನಿಗೆ ಸುತ್ತುವ ಗುಳ್ಳೆ ಪ್ಲಾಸ್ಟಿಕ್ ಸುತ್ತಿದರು. ಯಾರೋ ಬೆನ್ನಿಗೆ 'ಒಡೆಯುವ ವಸ್ತು, ಜೋಪಾನ' ಚೀಟಿ ಅಂಟಿಸಿದರು. ಗೋಡೌನಿನ ಸುತ್ತ ಓಟ ಶುರುವಾಯಿತು. ಅವನು ಹೆಜ್ಜೆ ಇಟ್ಟಲ್ಲೆಲ್ಲ ಪಟಪಟ ಗುಳ್ಳೆ ಒಡೆದವು. ಪೈಲ್ವಾನ್ ಕುರ್ಚಿಯಲ್ಲಿ ಕೂತು, ಸ್ಟೂಲಿನ ಮೇಲೆ ಕಾಲು ಚಾಚಿ, ಉಳಿದ ಬಾಳೆಹಣ್ಣು ಸುಲಿಯುತ್ತಾ ಸೀಟಿ ಊದುತ್ತಿದ್ದ.

"ಇನ್ನೊಂದು ರೌಂಡು! ಶೌಚಾಲಯದ ಕಡೆಯಿಂದ ಹೋಗ್ಬಾ, ಅಲ್ಲೂ ಒಂದರ್ಧ ಕೆಜಿ ಇಳಿಯುತ್ತೆ!"

ಮೂರೂವರೆಗೆ ಮೈದಾನದಲ್ಲಿ ಕ್ವಿಂಟಾಲ್ ಚಪ್ಪಲಿ, ಬೆಲ್ಟು, ಕೊನೆಗೆ ಮನೆ ಬೀಗದ ಕೈಯನ್ನೂ ಅಕ್ಕನ ಕೈಗೆ ಕೊಟ್ಟು ಯಂತ್ರ ಹತ್ತಿದ. ಮುಳ್ಳು ಆ ಕಡೆ ಈ ಕಡೆ ತೂಗಾಡಿ ತೊಂಬತ್ತೈದಕ್ಕೆ ನಿಂತಿತು. ಒಟ್ಟು ಆರುನೂರ ನಲವತ್ತು, ಒಂದು ಗ್ರಾಂ ಹೆಚ್ಚಿಲ್ಲ! ಮೈದಾನವೇ ಹಾರಿಹೋಗುವಂತೆ ಪಾರ್ಸೆಲ್ಲಿನವರು ಕೂಗಿದರು.

ಪಂದ್ಯ ಶುರುವಾಯಿತು. ಓಡಿ ಓಡಿ ಕ್ವಿಂಟಾಲನ ಕಾಲು ಹತ್ತಿಯಾಗಿತ್ತು. ಪ್ರೆಸ್ಸಿನವರು ಒಂದೇ ಎಳೆತಕ್ಕೆ ಎರಡು ಮಾರು ಎಳೆದರು. ಮುಂದೆ ನಿಂತಿದ್ದ ಕಡ್ಡಿ ಗಾಳಿಪಟದ ಬಾಲಂಗೋಚಿಯಂತೆ ತೇಲಾಡಿದ. ಗೆರೆ ಇನ್ನೇನು ಅರ್ಧ ಅಡಿ ದೂರ.

"ಕ್ವಿಂಟಾಲ್! ಕ್ವಿಂಟಾಲ್!" ಎಂದು ಜನ ಅರಚಿದರು. ಆ ಹೆಸರನ್ನು ಜನ ನಗದೇ ಕೂಗಿದ್ದನ್ನು ಅವನು ಕೇಳಿದ್ದು ಅದೇ ಮೊದಲು. ಹಿಮ್ಮಡಿ ನೆಲಕ್ಕೆ ಊರಿ, ಹಲ್ಲು ಕಚ್ಚಿ, ಹದಿನಾರು ವರ್ಷದ ಮಾತುಗಳನ್ನೆಲ್ಲ ಸೊಂಟಕ್ಕೆ ತಂದುಕೊಂಡು ಹಿಂದಕ್ಕೆ ಒರಗಿದ. ಹಗ್ಗ ನಿಂತಿತು. ಅವನು ಇನ್ನೂ ಒರಗಿದ. ಪ್ರೆಸ್ಸಿನವರ ಮುಂದಾಳು ಮುಗ್ಗರಿಸಿದ, ಅವನ ಮೇಲೆ ಇನ್ನೊಬ್ಬ, ಅವನ ಮೇಲೆ ಮತ್ತೊಬ್ಬ. ಎಂಟೂ ಜನ ಗೆರೆ ದಾಟಿ ಈ ಕಡೆ ಬಂದು ಬಿದ್ದರು.

ಗೆದ್ದರು! ಕ್ವಿಂಟಾಲನನ್ನು ಹೆಗಲ ಮೇಲೆ ಹೊರಲು ಆರು ಜನ ಓಡಿ ಬಂದರು. ಹತ್ತಿರ ಬಂದ ಮೇಲೆ ಯೋಚನೆ ಮಾಡಿ ಬೆನ್ನು ತಟ್ಟಿದರು.

ಐದು ಗಂಟೆಗೆ, ಪಂದ್ಯ ನೋಡಲು ಬಂದು ಮೈದಾನದ ಮೂಲೆಯಲ್ಲೇ ಕೂತಿದ್ದ ಕಂಪನಿ ಡಾಕ್ಟರು ಅವನನ್ನು ತೂಗಿದರು. ಎಳೆದಾಟದಲ್ಲಿ ಇನ್ನಷ್ಟು ಬೆವರು ಹೋಗಿತ್ತು. ತೊಂಬತ್ನಾಲ್ಕೂವರೆ. "ಭೇಷ್!" ಎಂದು ಸಹಿ ಹಾಕಿ ಕೊಟ್ಟರು. ಕ್ವಿಂಟಾಲನಿಗೆ ಅಳು ಬಂತು, ನಗು ಬಂತು, ಎರಡೂ ಒಟ್ಟಿಗೆ ಬಂದವು. ಕಾಗದ ಹಿಡಿದು ಮ್ಯಾನೇಜರ ಬಳಿ ಓಡಿದ.

ಮ್ಯಾನೇಜರ್ ಕಪ್ಪನ್ನು ಕೂಸಿನಂತೆ ಎತ್ತಿಕೊಂಡು ನಿಂತಿದ್ದರು. ಕಾಗದ ಓದಿ ಅವರ ಮುಖ ಸಪ್ಪಗಾಯಿತು.

"ಏನೋ ಇದು? ಮೂರು ತಿಂಗಳಿಗೇ ಇಷ್ಟು ಇಳಿದಿದೀಯ. ಗೋಡೌನಲ್ಲಿ ದಿನಾ ಓಡಾಡಿದ್ರೆ ಮುಂದಿನ ವರ್ಷ ಹಗ್ಗಕ್ಕೆ ನಿನ್ನಲ್ಲಿ ಏನುಳಿಯುತ್ತೆ? ಬೇಡಪ್ಪಾ ಬೇಡ. ಕೌಂಟರಲ್ಲೇ ಆರಾಮಾಗಿ ಕೂತ್ಕೋ. ಇನ್ಮೇಲೆ ನಿನ್ನನ್ನ ಕೈ ಬಿಡೋ ಮಾತೇ ಇಲ್ಲ."

"ಸಾರ್, ಹುದ್ದೆ?"

"ಪೈಲ್ವಾನನಿಗೆ ಈಗ ತಾನೇ ಕೊಟ್ಟೆ. ಪಾಪ, ಕಾಲು ಹೋಯ್ತು. ಇನ್ನು ಹಗ್ಗಕ್ಕೂ ಆಗಲ್ಲ, ಲೋಡಿಗೂ ಆಗಲ್ಲ."

"ಆದ್ರೆ ಸಾರ್, ಏಣಿ ಹತ್ತಬೇಕಲ್ಲ?"

"ಏಣಿನಾ?" ಮ್ಯಾನೇಜರ್ ನಕ್ಕುಬಿಟ್ಟರು. "ಸೂಪರ್‌ವೈಸರ್ ಯಾಕೋ ಏಣಿ ಹತ್ತಬೇಕು? ಕೆಳಗೆ ನಿಂತ್ಕೊಂಡು 'ಹತ್ರೋ' ಅಂತ ಹೇಳಿದ್ರೆ ಸಾಕು."

ಕ್ವಿಂಟಾಲ್ ಸರ್ಟಿಫಿಕೇಟನ್ನು ನಾಲ್ಕು ಮಡಿಕೆ ಮಡಿಸಿ ಜೇಬಿಗೆ ತುರುಕಿದ. ಅಲ್ಲೇ ಹುಲ್ಲಿನ ಮೇಲೆ ಕೂತ. ಅವನ ಮುಖ ನೋಡಲಾಗದೆ ಬುಕಿಂಗ್ ಅಕ್ಕ ಬ್ಯಾಗಿನಿಂದ ಕೊನೆಯ ಬಾಳೆಹಣ್ಣು ತೆಗೆದು ಚಾಚಿದಳು. "ತಿನ್ನೋ ತಮ್ಮಾ, ಸೋತು ಹೋಗಿದೀಯ."

ಅವನು ಸಿಪ್ಪೆ ಸುಲಿದು ಒಂದು ತುತ್ತು ಕಚ್ಚಿದನೋ ಇಲ್ಲವೋ, ಫೋಟೋಗೆ ಸಾಲು ನಿಲ್ಲಿಸುತ್ತಿದ್ದ ಕಡ್ಡಿ ಅಲ್ಲಿಂದಲೇ ಕೂಗಿದ:

"ನೋಡ್ರೋ, ಮತ್ತೆ ತಿಂತಾ ಕೂತಿದಾನೆ! ಹಿಂಗಾದ್ರೆ ಇವನಿಗೆ ಪ್ರಮೋಷನ್ ಎಲ್ಲಿಂದ ಸಿಗುತ್ತೆ?"