ಬಂಡೆ ಹತ್ತುವ ಗಾಡಿಗೆ ನಾನು ಮಾಡಿದ ಪೂಜೆ

ಎಂಜಿನ್ನಿನ ಶಕ್ತಿ ಹೆಚ್ಚಿಸುವ ಉಪಾಯವನ್ನು ನಮ್ಮ ಮನೆಯಲ್ಲಿ ಮೊದಲು ಸೂಚಿಸಿದವಳು ನಾನೇ. ಇದನ್ನು ಆರಂಭದಲ್ಲೇ ದಾಖಲಿಸುವುದು ನ್ಯಾಯ. ಕೊನೆಗೆ ಬರುವಷ್ಟರಲ್ಲಿ ಹೇಳಿಕೊಳ್ಳಲು ಇನ್ನೇನೂ ಉಳಿದಿರುವುದಿಲ್ಲ.

ನಮ್ಮ ಯಜಮಾನರ ಬಳಿ ಒಂದು ಹಳೆಯ ಟೂ-ಸ್ಟ್ರೋಕ್ ಬೈಕಿದೆ. ಅದು ರಸ್ತೆಯಲ್ಲಿ ಓಡುವುದಕ್ಕಲ್ಲ, ಬಂಡೆ ಹತ್ತುವುದಕ್ಕೆ. ಸೀಟು ಹೆಸರಿಗಷ್ಟೇ, ನಿಂತೇ ಓಡಿಸಬೇಕು. ಬಂಡೆಯಿಂದ ಬಂಡೆಗೆ ಹೋಗುವಾಗ ಕಾಲು ನೆಲಕ್ಕೆ ತಾಗಬಾರದು, ಅದೇ ಆಟ. ವಿಜಯದಶಮಿಯ ನಂತರದ ಭಾನುವಾರ ಹಳೆ ಬೈಕಿನವರೆಲ್ಲ ಮಡತ್ತುಕುಳಂನಲ್ಲಿ ನನ್ನ ತಂಗಿಯ ಗಂಡ ಶಿವರಾಜನ ತೋಟದ ಹಿಂದೆ, ಅಮರಾವತಿ ಹೊಳೆಯ ಬಂಡೆಗಳ ಹತ್ತಿರ ಸೇರುತ್ತಾರೆ. ಆನೆಬೆನ್ನಿನಂಥ ಒಂದು ಬಂಡೆಯ ಅರ್ಧಕ್ಕೆ ನಮ್ಮ ಗಾಡಿ ಪ್ರತಿ ವರ್ಷ ಏದುಸಿರು ಬಿಡುತ್ತದೆ, ಇವರು ಕಾಲು ಊರುತ್ತಾರೆ. ಶಿವರಾಜ ಎಳನೀರು ತಂದುಕೊಟ್ಟು, "ಕುಡೀರಿ ಅಣ್ಣಾ. ಗಾಡಿಗೂ ಒಂದು ಕೆತ್ಲಾ?" ಎನ್ನುತ್ತಾನೆ. ಇವರು ನಗುತ್ತಾರೆ. ಆದರೆ ಮನೆ ತಲುಪುವವರೆಗೆ ಮಾತಾಡುವುದಿಲ್ಲ.

ಅದನ್ನು ನೋಡಲಾರದೆ ಒಂದು ದಿನ ಕೇಳಿದೆ. "ರವಿಕೆ ಬಿಗಿಯಾದ್ರೆ ಹೊಲಿಗೆ ಬಿಚ್ಚಿ ಅಗಲ ಮಾಡ್ತೀವಲ್ಲ, ಎಂಜಿನ್ನಿಗೆ ಹಂಗೆ ಆಗಲ್ವಾ?"

ಆಗುತ್ತದಂತೆ! ಸಿಲಿಂಡರಿನ ಒಳಗೋಡೆಯನ್ನು ಕೊರೆದು ಅಗಲ ಮಾಡಿ ದೊಡ್ಡ ಪಿಸ್ಟನ್ ಹಾಕಿದರೆ ಗಾಡಿಗೆ ದಮ್ಮು ಬರುತ್ತದೆ. ಪೆರಿಯನಾಯಕನಪಾಳ್ಯಂನ ಒಂದು ಲೇತ್ ವರ್ಕ್‌ಶಾಪಿಗೆ ಸಿಲಿಂಡರ್ ಹೋಯಿತು. ಕೆಲಸ ಮುಗಿದದ್ದು ಆಯುಧಪೂಜೆಯ ಮುನ್ನಾದಿನ. ನೂಲಿನ ವ್ಯಾಪಾರದ ಮೇಲೆ ಇವರು ತಿರುಪ್ಪೂರಿನಲ್ಲಿದ್ದರು. ಹಾಗಾಗಿ ಆರ್.ಎಸ್. ಪುರಂನ ನಮ್ಮ ಮನೆಯಿಂದ ಬಸ್ಸಿನಲ್ಲಿ ಹೋಗಿ, ತರಕಾರಿ ಬುಟ್ಟಿಯಲ್ಲಿಟ್ಟು ನಾನೇ ತಂದೆ.

ಸುತ್ತಿದ ಕಾಗದ ಬಿಚ್ಚದೆ ಹಾಗೇ ಇಡಿ ಎಂದು ಲೇತಿನವರು ಹೇಳಿದ್ದರು. ಆದರೆ ಕಾಗದದ ತುಂಬ ಎಣ್ಣೆ. ನಾನು ಕಾನ್ವೆಂಟಿನಲ್ಲಿ ಸಿಸ್ಟರ್‌ಗಳ ಕಣ್ಣೆದುರು ಬೆಳೆದವಳು. ಜಿಡ್ಡನ್ನು ಕಂಡೂ ಕಾಣದಂತಿರುವುದು ನನ್ನಿಂದಾಗದು. ಪಾತ್ರೆ ಸೋಪು ಹಾಕಿ ತೊಳೆದೆ. ಟರ್ಕಿ ಟವೆಲಿನಿಂದ ಒರೆಸಿದೆ. ಹಪ್ಪಳದ ಪಕ್ಕ ಬಿಸಿಲಿಗಿಟ್ಟೆ.

ನಮ್ಮದು ನೇಕಾರರ ಮನೆತನ. ಮಾವನವರ ಕಾಲದಲ್ಲಿ ಆಯುಧಪೂಜೆಯ ದಿನ ಮಗ್ಗಕ್ಕೆ, ಲಾಳಿಗೆ, ಕತ್ತರಿಗೆ ಮೂರು ಗೆರೆ ವಿಭೂತಿ ಎಳೆದ ಮೇಲೆಯೇ ಮನುಷ್ಯರಿಗೆ ಪುರಿ-ಕಡಲೆ. ಮಗ್ಗ ಹೋಗಿದೆ, ಕ್ರಮ ಹೋಗಿಲ್ಲ. ಗ್ರೈಂಡರ್, ಮಿಕ್ಸಿ, ಹೊಲಿಗೆ ಯಂತ್ರದ ಸಾಲಿನಲ್ಲಿ ಸಿಲಿಂಡರನ್ನೂ ಕೂರಿಸಿದೆ. ಅಲ್ಲೊಂದು ತಾಂತ್ರಿಕ ಸಮಸ್ಯೆ ಎದುರಾಯಿತು. ಹೊರಗೆಲ್ಲ ಲೋಹದ ರೆಕ್ಕೆ ರೆಕ್ಕೆ, ಗೆರೆ ಎಳೆಯಲು ಜಾಗವೇ ಇಲ್ಲ. ಒಳಗೆ ನೋಡಿದರೆ ಕನ್ನಡಿಯಂಥ ಗೋಡೆ!

ಒಳಗೇ ಎಳೆದೆ.

ಆ ಗೋಡೆಯಲ್ಲಿ ದೀಪದ ಗೂಡುಗಳಂತೆ ಪುಟ್ಟ ಕಿಂಡಿಗಳಿದ್ದವು. ಬರಿದಾಗಿ ಬಿಡಲು ಮನಸ್ಸಾಗಲಿಲ್ಲ. ಒಂದೊಂದಕ್ಕೂ ಚಿಟಿಕೆ ವಿಭೂತಿ ಹಾಕಿದೆ. ಟೂ-ಸ್ಟ್ರೋಕ್ ಎಂಜಿನ್ ಉಸಿರಾಡುವುದೇ ಆ ಕಿಂಡಿಗಳಿಂದ ಎಂಬುದು ನನಗೆ ತಿಳಿದದ್ದು ಆಮೇಲೆ.

ಮಾರನೆಯ ಬೆಳಗ್ಗೆ ಸೆರಗಿನಿಂದ ಒಳಗೋಡೆ ಒರೆಸಿಟ್ಟೆ. ಕಿಂಡಿಗಳೊಳಗೆ ಸೆರಗು ಹೋಗಲಿಲ್ಲ. ಪ್ರಸಾದ ತಾನೇ, ಇರಲಿ ಎಂದುಕೊಂಡೆ. ತಿರುಪ್ಪೂರಿನಿಂದ ಮರಳಿದ ಇವರು ಅದರ ಹೊಳಪು ನೋಡಿ, ಲೇತಿನವರು ಎಷ್ಟು ನೀಟಾಗಿ ಕೊಟ್ಟಿದ್ದಾರೆ ಎಂದು ಮೆಚ್ಚುತ್ತಾ ಎಂಜಿನ್ ಜೋಡಿಸಿದರು. ಆ ಹೊಗಳಿಕೆ ನನಗೆ ಸಲ್ಲಬೇಕಾದದ್ದು. ವಿನಯದಿಂದ ಸುಮ್ಮನಿದ್ದೆ.

ಭಾನುವಾರ ಗಾಡಿ ಬಂಡೆ ಏರಿತು. ಅರ್ಧ ದಾಟಿತು. ಯಾವ ವರ್ಷವೂ ಕಾಣದ ಎತ್ತರ ಕಂಡಿತು. ಶಿವರಾಜನ ಎಳನೀರು ಅವನ ಕೈಯಲ್ಲೇ ನಿಂತಿತು. ಇವರ ಮುಖದಲ್ಲಿ ಮದುವೆಯ ದಿನವೂ ನಾನು ನೋಡಿರದ ಒಂದು ಕಳೆ! ಅಷ್ಟರಲ್ಲಿ ಎಂಜಿನ್ ಕಿರುಚಿಕೊಂಡಿತು, ಹಿಂದಿನ ಚಕ್ರ ಕಚ್ಚಿಕೊಂಡಿತು, ಗಾಡಿ ಒಂದು ಕಡೆಯಿಂದ ಇವರು ಇನ್ನೊಂದು ಕಡೆಯಿಂದ ಮರಳಿಗೆ ಇಳಿದರು. ಪುಣ್ಯಕ್ಕೆ ಪೆಟ್ಟಾಗಲಿಲ್ಲ.

"ಈ ಸಲ ಅಣ್ಣ ಕಾಲು ಊರ್ಲಿಲ್ಲ ಅತ್ತಿಗೆ," ಎಂದ ಶಿವರಾಜ. "ಬೆನ್ನೇ ಊರಿಬಿಟ್ರು."

ಜೊತೆಗೆ ಬಂದಿದ್ದ ಮೆಕ್ಯಾನಿಕ್ ಪಳನಿಸ್ವಾಮಿ ತೆಂಗಿನ ಮರದಡಿ ಎಂಜಿನ್ ಬಿಚ್ಚಿದ. ಕಿಂಡಿಯೊಳಗೆ ಬೆರಳು ಹಾಕಿ, ಹೆಬ್ಬೆರಳಿಗೆ ಉಜ್ಜಿ, ಮೂಸಿ ನೋಡಿದ. "ಸಾರ್, ಇದು ತಿರುನೀರು," ಎಂದ ತಮಿಳಿನಲ್ಲಿ. ವಿಭೂತಿ ಎಂದು ಯಾರಿಗೂ ಅನುವಾದ ಬೇಕಾಗಲಿಲ್ಲ. ಸುತ್ತ ಇದ್ದವರೆಲ್ಲ ಹೆಲ್ಮೆಟ್ ತೊಟ್ಟ ಗಂಡಸರು. ಪೂಜೆ ಮಾಡಿರಬಹುದಾದ ಮುಖ ಅಲ್ಲಿ ಒಂದೇ ಇತ್ತು.

ಸಿಲಿಂಡರಿಗೆ ನಾನೂ ಇಣುಕಿದೆ. ನಾನು ಅಡ್ಡ ಗೆರೆ ಎಳೆದಿದ್ದ ಗೋಡೆಯ ಮೇಲೆ ಪಿಸ್ಟನ್ ಉದ್ದುದ್ದ ಗೆರೆ ಗೀರಿತ್ತು. ಶೈವ ಸಿಲಿಂಡರ್ ವೈಷ್ಣವವಾಗಿತ್ತು!

ಮನೆಗೆ ಮರಳುವಾಗ ಉಡುಮಲೈ ದಾಟಿದ ಮೇಲೆ ಇವರು ಬಾಯಿಬಿಟ್ಟರು.

"ಒಳಗೆ ಯಾಕೆ ಹಚ್ಚಿದೆ?"

"ಹೊರಗೆ ಜಾಗ ಇರ್ಲಿಲ್ಲ."

ಪೊಳ್ಳಾಚಿಯೂ ದಾಟಿತು.

ಆ ಗೀರು ಹೋಗಬೇಕಾದರೆ ಸಿಲಿಂಡರನ್ನು ಇನ್ನಷ್ಟು ಕೊರೆದು ಇನ್ನೂ ದೊಡ್ಡ ಪಿಸ್ಟನ್ ಹಾಕಬೇಕೆಂದು ಪಳನಿಸ್ವಾಮಿ ತೀರ್ಪು ಕೊಟ್ಟ. ಅಂದರೆ ಶಕ್ತಿ ಇನ್ನಷ್ಟು ಹೆಚ್ಚಿದಂತೆಯೇ! ಈ ಅಂಶವನ್ನು ಇವರ ಗಮನಕ್ಕೆ ತಂದೆ. ಇದಾದ ಮೇಲೆ ಮತ್ತೊಮ್ಮೆ ಕೊರೆಯಲು ಗೋಡೆಯೇ ಉಳಿದಿರುವುದಿಲ್ಲ ಎಂಬ ಅಂಶವನ್ನು ಇವರು ನನ್ನ ಗಮನಕ್ಕೆ ತಂದರು.

ಈ ವರ್ಷ ಆಯುಧಪೂಜೆಗೆ ಇವರು ತಿರುಪ್ಪೂರಿಗೆ ಹೋಗಲಿಲ್ಲ. ಭಾನುವಾರ ಆನೆಬೆನ್ನಿನ ಬಂಡೆ ಕಾಯುತ್ತಿದೆ. ಮತ್ತೆ ಕೊರೆಸಿ ಜೋಡಿಸಿದ ಗಾಡಿ ಇರುವ ಶೆಡ್ಡಿಗೆ ಬೀಗ ಜಡಿದು, ಬೀಗಕ್ಕೆ ತಾವೇ ವಿಭೂತಿ ಹಚ್ಚಿ, ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತರು. ತೊಳೆದಿಟ್ಟ ಗ್ರೈಂಡರಿನ ಮುಂದೆ ನಾನು ಮೂರು ಬೆರಳಿಗೆ ವಿಭೂತಿ ತೆಗೆದುಕೊಂಡೆ.

"ಹೊರಗಡೆ," ಎಂದರು.