ಒಂದು ಕಿಲೋಗೂ ಕಡಿಮೆ ತೂಕದ ಕಾಟ

ಕೆಲವರ ಹಣೆಯಲ್ಲಿ ದೇವರು ಯೋಗ ಬರೆಯುತ್ತಾನೆ, ಕೆಲವರ ಹಣೆಯಲ್ಲಿ ಪೀಡೆ. ನನ್ನದನ್ನು ಮಾತ್ರ ತೂಗಿ ಬರೆದಂತೆ ಕಾಣುತ್ತದೆ: ಒಂದು ಕಿಲೋಗೆ ಸ್ವಲ್ಪ ಕಡಿಮೆ. ಅದನ್ನು ಹೆಗಲಿಗೆ ಹಾಕಿಕೊಂಡು ಮನೆ ಬಿಟ್ಟ ದಿನ ಎಂತದಾದರೂ ಒಂದು ಆಗದೆ ನಾನು ವಾಪಸು ಬಂದದ್ದೇ ಇಲ್ಲ.

ನನ್ನದು ಪಂಪ್‌ಸೆಟ್ ಕಂಪನಿಯ ಕೆಲಸ. ಕುಮಟಾ, ಹೊನ್ನಾವರ, ಭಟ್ಕಳ ಸುತ್ತಿ, ಮಾರಿದ ಪಂಪು ನೀರೆತ್ತುತ್ತದೋ ಇಲ್ಲವೋ ನೋಡಿ ಬರೆದುಕೊಳ್ಳುವುದು. ಇಷ್ಟು ವರ್ಷ ಒಂದು ನೋಟುಬುಕ್ಕು, ಒಂದು ಪೆನ್ನು ಸಾಕಾಗಿತ್ತು. ಈ ವರ್ಷ ಹುಬ್ಬಳ್ಳಿಯ ಸಾಹೇಬರು ಕರೆಸಿ, ಹಪ್ಪಳದಂಥ ಲ್ಯಾಪ್‌ಟಾಪು, ಅದರ ಜೊತೆ ಮಡಚುವ ಕೀಬೋರ್ಡು, ತಂತಿಯಿಲ್ಲದ ಮೌಸು, ಇನ್ನೂ ಏನೇನೋ ಚಿಲ್ಲರೆ ಕೊಟ್ಟರು. "ದಸರಾದಾಗ ಸ್ಕ್ರೀನ್ ಮ್ಯಾಲೆ ಕುಂತು ನೀವ ವರದಿ ಒಪ್ಪಿಸ್ಬೇಕ್ರಿ. ಮಷೀನು ನಡಸಾಕ ಬರಲಿಲ್ಲಾ ಅಂದ್ರ ಇಲ್ಲೇ ಗೋದಾಮಿನಾಗ ಬಂದು ಕುಂದ್ರೂದು" ಅಂದರು.

ನನಗೆ ಗೋದಾಮಿನ ಭಯವಿಲ್ಲ. ಆದರೆ ಅಪ್ಪ ತೀರಿದಂದಿನಿಂದ ಸಂಜೆ ಮನೆದೇವರಿಗೆ ದೀಪ ಹಚ್ಚಿ ಮಂಗಳಾರತಿ ಮಾಡುವುದನ್ನು ನಾನು ಒಂದು ದಿನವೂ ತಪ್ಪಿಸಿದವನಲ್ಲ. ಹುಬ್ಬಳ್ಳಿಯಿಂದ ಸಂಜೆಯೊಳಗೆ ಯಾವ ಬಸ್ಸೂ ನನ್ನನ್ನು ದೇವರ ಮುಂದೆ ತಂದು ಇಳಿಸುವುದಿಲ್ಲ. ಹಾಗಾಗಿ ಕಲಿಯಲೇಬೇಕಾಯಿತು.

ತೂಕ

ಮೊದಲ ವಾರ ಕಾಯ್ಕಿಣಿಯ ಒಂದು ಕಿರಾಣಿ ಅಂಗಡಿಗೆ ಹೋದೆ. ಅಂಗಡಿಯವರ ಹಿತ್ತಲಲ್ಲಿ ನಮ್ಮ ಪಂಪು ಇತ್ತು. ಲ್ಯಾಪ್‌ಟಾಪನ್ನು ಗಲ್ಲಾಪೆಟ್ಟಿಗೆಯ ಪಕ್ಕ ಇಟ್ಟು ಬಾವಿ ನೋಡಿ ಬರುವಷ್ಟರಲ್ಲಿ ಅದು ತಕ್ಕಡಿ ಏರಿತ್ತು.

"ಇದೆಂತದು ಮಾರಾಯ್ರೆ?" ಅಂದೆ.

"ಎತ್ತಿದ್ರೆ ಎಂತ ಭಾರವೇ ಇಲ್ಲ, ಒಳಗೆ ಖಾಲಿಯೋ ಅಂತ ಸಂಶಯ ಬಂತು. ನೋಡಿ, ಒಂದು ಕಿಲೋ ಸಹ ತೂಗೂದಿಲ್ಲ. ನಿಮ್ಮ ಕಂಪನಿಯವರು ನಿಮಗೆ ಕಡಿಮೆ ಕೊಟ್ಟಿದ್ದಾರೆ."

ಹಗುರ ಇದ್ದಷ್ಟು ಒಳ್ಳೆಯದು, ಪ್ರಯಾಣಕ್ಕೆಂದೇ ಹಾಗೆ ಮಾಡಿದ್ದು ಎಂದು ವಿವರಿಸಿದೆ. ಅವರು ಕರುಣೆಯಿಂದ ಕೇಳಿಸಿಕೊಂಡರು. ತೂಕದಲ್ಲಿ ಯಾರಿಗೇ ಆಗಲಿ ಮೋಸವಾಗುವುದನ್ನು ಕಂಡರೆ ಆಗದ ಮನುಷ್ಯ. ಕೊನೆಗೆ ಎರಡು ಸಣ್ಣ ಈರುಳ್ಳಿ ಹಾಕಿ ಮುಳ್ಳು ನೆಟ್ಟಗೆ ನಿಲ್ಲಿಸಿ, "ಹಾಂ, ಈಗ ಸರಿ ಆತು" ಎಂದು ಮೂರನ್ನೂ ನನ್ನ ಚೀಲಕ್ಕೆ ತುಂಬಿದರು.

ನಾನು ಈರುಳ್ಳಿ ತಿನ್ನುವವನಲ್ಲ. ಅದು ಗೊತ್ತಿದ್ದ ನನ್ನ ಹೆಂಡತಿ ಚೀಲ ಮೂಸಿ ನೋಡಿದವಳು, ಲ್ಯಾಪ್‌ಟಾಪನ್ನು ಎಂಟು ದಿನ ಜಗಲಿಯಿಂದ ಒಳಗೆ ಬಿಡಲಿಲ್ಲ.

ರೈಲು

ಕುಮಟಾದಿಂದ ಮುರ್ಡೇಶ್ವರಕ್ಕೆ ರೈಲಿನಲ್ಲಿ ಹೊರಟಿದ್ದೆ. ಪುಣ್ಯ ಕಟ್ಟಿಕೊಳ್ಳುವ ಬುದ್ಧಿ ಯಾಕೆ ಬಂತೋ, ಎದುರಿನ ಅಜ್ಜರ ಫೋನು ಸತ್ತಿದೆಯೆಂದು ನನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿ ಚಾರ್ಜಿಗೆ ಇಟ್ಟೆ. ಒಂದು ತೂತಿಗೆ ನಾಲ್ಕು ತೂತು ಮಾಡುವ ಸಣ್ಣ ಪಟ್ಟಿಯೊಂದನ್ನೂ ಕಂಪನಿ ಕೊಟ್ಟಿತ್ತು. ಅದನ್ನು ಹೊರಗೆ ತೆಗೆದದ್ದೇ ತಪ್ಪು. ಮದುವೆಗೆ ಹೊರಟ ಕೊಂಕಣಿ ಹೆಂಗಸರ ಗುಂಪೊಂದು ಅದನ್ನು ನೋಡಿತು.

"ಭಟ್ರೆ, ನಮ್ಮದೂ ಒಂದು. ಬರೀ ಐದು ನಿಮಿಷ."

ಹೊನ್ನಾವರ ದಾಟುವಾಗ ನನ್ನ ಮಡಿಲಿನಿಂದ ನಾಲ್ಕೂ ದಿಕ್ಕಿಗೆ ತಂತಿ ಹೋಗಿತ್ತು. ಕರು, ಹಂಡ, ಗೌರಿ, ಕಪಿಲೆ ಎಂದು ಎಲ್ಲ ದನಗಳನ್ನೂ ಒಟ್ಟಿಗೆ ಕಟ್ಟಿದ ಕೊಟ್ಟಿಗೆ ಕಂಬದ ಹಾಗೆ ಕೂತಿದ್ದೆ. ಏಳುವ ಹಾಗಿಲ್ಲ, ಮಗ್ಗುಲಾಗುವ ಹಾಗಿಲ್ಲ. ಮುರ್ಡೇಶ್ವರದಲ್ಲಿ ಇಳಿಯುವಾಗ ಎಲ್ಲರ ಫೋನೂ ತುಂಬಿತ್ತು, ನನ್ನ ಲ್ಯಾಪ್‌ಟಾಪು ಕಣ್ಣು ಮುಚ್ಚಿತ್ತು.

ಅಜ್ಜರು ತಮ್ಮ ಫೋನನ್ನು ಜೇಬಿಗೆ ಹಾಕಿಕೊಂಡು, ಬೇಸರದಿಂದ ತಲೆ ಅಲ್ಲಾಡಿಸಿದರು. "ಎಂತ ಮಷೀನು ಅಂತ ತಕೊಂಡ್ರಿ ಭಟ್ರೆ? ನನ್ನ ಈ ಹಳೇ ಡಬ್ಬಿಯಲ್ಲೂ ಚಾರ್ಜು ಉಂಟು, ನಿಮ್ಮದರಲ್ಲಿ ಇಲ್ಲ!"

ಮಲ್ಲಿಗೆ

ಭಟ್ಕಳದ ಹತ್ತಿರ ಮಲ್ಲಿಗೆ ಬೆಳೆಯುವ ಒಂದು ಮನೆ. ಪಂಪಿನ ಹತ್ತಿರ ಹೋಗುವಾಗ ಲ್ಯಾಪ್‌ಟಾಪನ್ನು ಕಟ್ಟೆಯ ಮೇಲೆ ಮುಚ್ಚಿಟ್ಟಿದ್ದೆ. ಬಂದು ನೋಡಿದರೆ ಕಾಣಿಸಲಿಲ್ಲ. ಮನೆಯಮ್ಮ ಕಟ್ಟೆಯಲ್ಲಿ ಕೂತು ಹೂ ಕಟ್ಟುತ್ತಿದ್ದರು.

"ಅಮ್ಮ, ಇಲ್ಲೊಂದು ಕಪ್ಪು ಹಲಗೆಯಂಥದ್ದು..."

"ಇದಾ?" ಎಂದು ಮಡಿಲ ಮೇಲಿನ ಒದ್ದೆ ಮೊಗ್ಗಿನ ರಾಶಿಯನ್ನು ಸರಿಸಿ ತೋರಿಸಿದರು. ಅಡಿಯಲ್ಲಿ ಬಾಳೆಲೆ, ಬಾಳೆಲೆಯಡಿ ನನ್ನ ಗೋದಾಮಿನ ಜಾತಕ. "ಕಪ್ಪಿನ ಮೇಲೆ ಬಿಳಿ ಮೊಗ್ಗು ಎಷ್ಟು ಚಂದ ಕಾಣ್ತದೆ, ಕಣ್ಣಿಗೆ ಹಿತ. ಬಾಳೆಲೆ ಹಾಕಿದ್ದೇನೆ, ಮೊಗ್ಗಿಗೆ ಎಂತ ಆಗೂದಿಲ್ಲ, ಹೆದರಬೇಡಿ."

ಮೊಗ್ಗಿನ ಬಗ್ಗೆ ನಾನು ಹೆದರಿರಲೇ ಇಲ್ಲ.

ಶಾರದಾ ಪೂಜೆ

ವರದಿ ಒಪ್ಪಿಸುವ ದಿನ ನವರಾತ್ರಿಯ ಅಷ್ಟಮಿಯಂದು ಬಂತು. ಸ್ನಾನ, ಜಪ ಮುಗಿಸಿ ಚೀಲ ತೆಗೆದರೆ ಒಳಗೆ ಮೌಸು, ಕೀಬೋರ್ಡು ಮಾತ್ರ. ಹುಡುಕುತ್ತ ದೇವರ ಕೋಣೆಗೆ ಹೋದೆ. ಮಣೆಯ ಮೇಲೆ ರಾಮಾಯಣ, ಪಂಚಾಂಗ, ಹೆಂಡತಿಯ ಅಡುಗೆ ಪುಸ್ತಕ. ನಡುವೆ, ಬಾಯಿ ತೆರೆದು, ಕುಂಕುಮ ಹಚ್ಚಿಕೊಂಡು, ದಾಸವಾಳ ಮುಡಿದು ಲ್ಯಾಪ್‌ಟಾಪು!

"ಯಾರು ಇಟ್ಟದ್ದು ಇದನ್ನ?"

"ಆನೇ" ಎಂದು ಹೆಂಡತಿ ತನ್ನತ್ತ ಬೆರಳು ತೋರಿಸಿಕೊಂಡಳು. "ನಿನ್ನೆ ಸಪ್ತಮಿ, ಶಾರದೆ ಕೂರಿಸದು. ಎಲ್ಲ ವಿದ್ಯೆನೂ ಇದರೊಳಗೇ ಇದ್ದು ಹೇಳಿ ನೀವೇ ಹೇಳಿದ್ದಲ್ದ?"

"ತೆರೆದು ಯಾಕೆ ಇಟ್ಟೆ?"

"ಮುಚ್ಚಿಟ್ರೆ ಮುಚ್ಚಳಕ್ಕೆ ಪೂಜೆ ಆಗ್ತು. ತಂತಿ ಸಹ ತೆಗೆದಿದ್ನಿಲ್ಲೆ. ಅದರ ಸಣ್ಣ ದೀಪ ನಂದಾದೀಪದ ಹಾಂಗೆ ಉರಿತಾ ಇತ್ತು."

"ಈರುಳ್ಳಿ ಮೈಲಿಗೆ ಅಂದವಳು ನೀನೇ ಅಲ್ಲವಾ?"

"ಅದಕ್ಕೇ ತೀರ್ಥ ಪ್ರೋಕ್ಷಣೆ ಮಾಡಿದ್ದು." ನನ್ನ ಮುಖ ನೋಡಿ ಸಮಾಧಾನ ಹೇಳಿದಳು, "ಹೆಚ್ಚಿಲ್ಲೆ, ಒಂದೇ ಉದ್ಧರಣೆ."

ಕೈ ಚಾಚಿದೆ. "ವಿಜಯದಶಮಿ ತನಕ ಮುಟ್ಟಲಾಗ" ಅಂದಳು.

ಪೂಜೆಗೆ ಇಟ್ಟ ಪುಸ್ತಕವನ್ನು ದಶಮಿಯವರೆಗೆ ಮುಟ್ಟಬಾರದೆಂದು ಈ ಮನೆಯಲ್ಲಿ ಕಟ್ಟುನಿಟ್ಟು ಮಾಡಿದವನು ನಾನೇ. ಹೋದ ವರ್ಷ ಅವಳು ಅಡುಗೆ ಪುಸ್ತಕ ತೆಗೆಯಲು ಬಂದಾಗ ತಡೆದಿದ್ದೆ. ಆ ಸಲ ಕಾಯಿ ಹೋಳಿಗೆ ಹಲ್ಲಿಗೆ ಸವಾಲಾಯಿತು. ಅವಳು ಒಂದು ವರ್ಷ ಕಾದಿದ್ದಳು. ಇತ್ತ ಶಾಸ್ತ್ರ ಮುರಿದರೆ ಇಂದಿನ ಪೂಜೆ ಕೆಡುತ್ತದೆ. ಅತ್ತ ವರದಿ ತಪ್ಪಿದರೆ ಇನ್ನು ಮುಂದಿನ ಎಲ್ಲ ಸಂಜೆಗಳ ಪೂಜೆ.

ಆಗ ದೇವರೇ ಬುದ್ಧಿ ಕೊಟ್ಟ. ಮೌಸು, ಕೀಬೋರ್ಡು ಪೂಜೆಗೆ ಇಟ್ಟವಲ್ಲ! ಒಂದು ಮಾರು ದೂರದಲ್ಲಿ ಮಣೆ ಹಾಕಿ ಕೂತೆ. ಮೌಸು ಅಲ್ಲಾಡಿಸಿದೆ. ದಾಸವಾಳದ ಅಡಿಯಲ್ಲಿ ಪರದೆ ಬೆಳಗಿತು. ಮುಟ್ಟದೆಯೇ ಸಭೆಯೊಳಗೆ ಹೋದೆ.

"ಯಾಕ್ರಿ ಅಷ್ಟು ದೂರ ಕುಂತೀರಿ? ಅದೇನ್ರಿ ಹೊಗಿ?" ಅಂದರು ಸಾಹೇಬರು.

"ಧೂಪ, ಸರ್" ಎಂದು ವರದಿ ಶುರು ಮಾಡಿದೆ. ಪಂಪುಗಳ ಪಟ್ಟಿ ತೆರೆದೆ, ಚಿತ್ರ ತೋರಿಸಿದೆ, ಹೊನ್ನಾವರ ಮುಗಿಸಿ ಭಟ್ಕಳಕ್ಕೆ ಬಂದೆ. ಅಷ್ಟರಲ್ಲಿ ಹೆಂಡತಿ ಗಂಟೆ, ಆರತಿ ತಟ್ಟೆ ಹಿಡಿದು ಬಂದಳು. ಸನ್ನೆ ಮಾಡಿದೆ. ನೈವೇದ್ಯ ಆರುತ್ತದೆಂದು ಅವಳೂ ಸನ್ನೆ ಮಾಡಿದಳು. ನಂತರ ಗಂಟೆಯೊಂದೇ ಕೇಳಿಸಿತು. ಆರತಿ ನೇರ ಸಾಹೇಬರ ಮುಖಕ್ಕೆ ಮೂರು ಸುತ್ತು ಬಂತು. ನಾನು ಕಣ್ಣು ಮುಚ್ಚಿ ಗೋದಾಮನ್ನು ನೆನೆದೆ.

ಸದ್ದು ನಿಂತು ಕಣ್ಣು ಬಿಟ್ಟರೆ, ಪರದೆಯ ಚೌಕಗಳಲ್ಲಿ ಅಷ್ಟೂ ಜನ ಎದ್ದು ನಿಂತು ಕೈ ಮುಗಿದಿದ್ದರು. ಒಬ್ಬರು ನಿಂತಲ್ಲೇ ಪ್ರದಕ್ಷಿಣೆ ಬರುತ್ತಿದ್ದರು. ಸಾಹೇಬರು ಪರದೆಯತ್ತ ಅಂಗೈ ಚಾಚಿ ಕಣ್ಣಿಗೊತ್ತಿಕೊಂಡು, "ಎಲ್ಲಾ ಚಲೋ ಆತ್ರಿ. ಆದ್ರ ಅಷ್ಟು ದೂರ ಯಾಕ ಕುಂತೀರಿ, ಅದನ್ನ ಹೇಳ್ರಿ" ಅಂದರು. ಹೇಳಿದೆ.

"ಇಲ್ಲಿ ಇವರಿಗೆಲ್ಲಾ ಮುಟ್ಟಿದ್ರೂ ನಡಸಾಕ ಬರೂದಿಲ್ಲ, ನೀವು ಮುಟ್ಟದನ ನಡಸೀರಿ. ನಿಮ್ಮ ಊರಾಗ ಇರ್ರಿ" ಅಂದರು ಸಾಹೇಬರು.

ಗೆದ್ದ ಸಂತೋಷದಲ್ಲಿ ಹೆಂಡತಿಯತ್ತ ತಿರುಗಿದೆ. ಅವಳು ಆಗಲೇ ನನ್ನ ಪಕ್ಕ ಬಂದು ಕೂತಿದ್ದಳು. ಕೈಯಲ್ಲಿ ಉದ್ದ ಹಿಡಿಯ ಸೌಟು. ಅದರ ತುದಿಯಿಂದ, ಒಂದು ಮಾರು ದೂರದಿಂದಲೇ, ಅಡುಗೆ ಪುಸ್ತಕದ ಪುಟಗಳನ್ನು ಒಂದೊಂದಾಗಿ ಮಗುಚುತ್ತಿದ್ದಳು.

ಕಾಯಿ ಹೋಳಿಗೆಯ ಪುಟ ಸಿಕ್ಕಿದ ಮೇಲೆ ನನ್ನನ್ನು ನೋಡಿ ಹೇಳಿದಳು: "ಆನೂ ಮುಟ್ಟಿದ್ನಿಲ್ಲೆ."