ನಾನು ಗಂಡನ ತಲೆ ಎತ್ತಿಸಿದ ಕಥೆ

"ಒಂದು ವಾರ ಕೊಡಿ ನಂಗೆ! ನಿಮ್ಮ ಕತ್ತನ್ನ ಕೊಡೆ ಕೋಲಿನ ಹಾಗೆ ನೆಟ್ಟಗೆ ನಿಲ್ಲಿಸದಿದ್ರೆ ಕೇಳಿ!" ಎಂದು ನಾನು ಅಡುಗೆಮನೆಯ ಬಾಗಿಲಲ್ಲಿ ಸೌಟು ಎತ್ತಿ ಶಪಥ ಮಾಡಿದೆ.

ನನ್ನ ಗಂಡ ತಲೆ ಎತ್ತಿ ನೋಡಲಿಲ್ಲ. ಉದಾಸೀನದಿಂದಲ್ಲ. ಪಾಪ, ಅವರಿಗೆ ಎತ್ತುವುದಕ್ಕೇ ಆಗುತ್ತಿರಲಿಲ್ಲ.

ನಲವತ್ತಾರು ವರ್ಷ ಗಡಿಯಾರ ರಿಪೇರಿ ಮಾಡಿದ ಕತ್ತು ಅದು. ಮನೆಯ ಮುಂದಿನ ಕೋಣೆಯೇ ಅಂಗಡಿ. ಬೆಳಿಗ್ಗೆ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಮೇಜಿನ ಮೇಲೆ ಬಗ್ಗಿದರೆ ಊಟಕ್ಕೇ ಏಳುವುದು. ಹೀಗೆ ಬಗ್ಗಿ ಬಗ್ಗಿ ಕತ್ತು ನಲ್ಲಿಯ ಮೂತಿಯ ಹಾಗೆ ಕೆಳಕ್ಕೆ ತಿರುಗಿ ಅಲ್ಲೇ ನಿಂತುಬಿಟ್ಟಿತ್ತು. ಬೀದಿಯಲ್ಲಿ ಎದುರಾದವರನ್ನು ಚಪ್ಪಲಿ ನೋಡಿ ಗುರುತು ಹಿಡಿದು "ಚೆನ್ನಾಗಿದ್ದೀರಾ?" ಎಂದು ಕೇಳುತ್ತಿದ್ದರು. ಹೊಸ ಚಪ್ಪಲಿ ಕೊಂಡವರಿಗೆಲ್ಲ ಇವರು ಜಂಬಗಾರರಾಗಿ ಕಂಡರು. "ನೋಡಿಯೂ ನೋಡದ ಹಾಗೆ ಹೋಗ್ತಾರೆ" ಎಂದು ನನ್ನ ಹತ್ತಿರ ದೂರು ಬರುತ್ತಿತ್ತು.

ಇಷ್ಟು ವರ್ಷ ಹೇಗೋ ನಡೆಯಿತು. ಈಗ ಕುತ್ತು ಬಂದದ್ದು ಮಾರುಕಟ್ಟೆಯ ಗೋಪುರದ ದೊಡ್ಡ ಗಡಿಯಾರದಿಂದ. ಎರಡು ತಿಂಗಳಿಂದ ಅದು ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ನಿಂತುಬಿಟ್ಟಿತ್ತು. ಇವರಿಗೆ ಕೆಲಸ ಕಲಿಸಿದ ಗುರುಗಳು ಸಾಯುವ ತನಕ ಕೀಲಿ ಕೊಟ್ಟ ಗಡಿಯಾರ. ಆಮೇಲೆ ಇವರೇ ಕೊಡುತ್ತಿದ್ದದ್ದು. ಮಾರುಕಟ್ಟೆ ಕಮಿಟಿಯ ಅಧ್ಯಕ್ಷರು ಮನೆಗೇ ಬಂದು ನಿಂತರು.

"ಯಜಮಾನ್ರೇ, ಮುಂದಿನ ಶನಿವಾರ ಹತ್ತು ಗಂಟೆಗೆ ಮೇಲೆ ಹತ್ತಿ ನೋಡಿ. ನಿಮ್ಮಿಂದ ಆದ್ರೆ ಸಂತೋಷ. ಆಗಲ್ಲ ಅಂದ್ರೆ ಕಿತ್ತು ಹಾಕಿ, ಕೆಂಪು ಅಂಕಿ ಓಡೋ ಬೋರ್ಡು ಹಾಕಿಸ್ತೀವಿ."

ಅವತ್ತು ಇವರು ತಟ್ಟೆ ಮುಂದೆ ಕೂತು ಅನ್ನ ಕೆದಕಿದರೇ ಹೊರತು ತಿನ್ನಲಿಲ್ಲ.

"ಅದರ ಚಕ್ರಗಳೆಲ್ಲ ತಲೆ ಮೇಲಕ್ಕಿವೆ ಕಣೇ. ಕತ್ತೆತ್ತದೆ ಹೇಗೆ ನೋಡ್ಲಿ?"

"ಕನ್ನಡಿ ಹಿಡ್ಕೊಂಡು ನೋಡಿ."

"ಕನ್ನಡೀಲಿ ಗಡಿಯಾರ ಹಿಂದಕ್ಕೆ ಓಡತ್ತೆ!"

ಆಗಲೇ ನಾನು ಸೌಟು ಎತ್ತಿದ್ದು.

ಮಾರನೆಯ ದಿನವೇ ಇವರನ್ನು ಫಿಸಿಯೋ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ಆಕೆ ಕತ್ತಿನ ಚಿತ್ರ ತೆಗೆಸಿ, ಬೆಳಕಿಗೆ ಹಿಡಿದು, ಬೆರಳಿಂದ ಒತ್ತಿ ನೋಡಿ, "ಮೂಳೆಗೇನೂ ಆಗಿಲ್ಲ, ಮಾಂಸಖಂಡ ಬಿಗಿದಿದೆ" ಎಂದರು. ಆಮೇಲೆ ಒಂದು ಡಬ್ಬದಿಂದ ಕತ್ತು ಎಳೆಯುವ ಸಾಧನ ತೆಗೆದರು. ಸಾಧನ ಅಂದರೆ ಏನಿಲ್ಲ. ಬಾಗಿಲ ನೆತ್ತಿಗೆ ಸಿಕ್ಕಿಸುವ ಒಂದು ಕೊಕ್ಕೆ, ಕೊಕ್ಕೆಗೆ ರಾಟೆ, ರಾಟೆಯ ಮೇಲೆ ಹಗ್ಗ. ಹಗ್ಗದ ಒಂದು ತುದಿಗೆ ಗದ್ದಕ್ಕೂ ಹಿಂದಲೆಗೂ ಹಾಕುವ ಪಟ್ಟಿ, ಇನ್ನೊಂದು ತುದಿಗೆ ನೀರಿನ ಚೀಲ. ನೀರು ಕೆಳಕ್ಕೆ ಜಗ್ಗಿದರೆ ತಲೆ ಮೇಲಕ್ಕೆ!

"ಚೆನ್ನಾಗಿ ಕೇಳಿಸ್ಕೊಳ್ಳಿ ಅಮ್ಮ" ಎಂದರು ಡಾಕ್ಟರಮ್ಮ. ಕೇಳಿಸಿಕೊಳ್ಳುವುದು ನನಗೆ ಹೇಳಿಕೊಡಬೇಕೇ! ಕಿವಿಗೆ ಬಿದ್ದ ಮಾತು ನನ್ನಲ್ಲಿ ಕಲ್ಲಿಗೆ ಕೊರೆದ ಹಾಗೆ. "ನೀರು ಈ ಗೆರೆ ತನಕ ಮಾತ್ರ. ಬೆನ್ನು ನೆಟ್ಟಗಿರೋ ಕುರ್ಚೀಲಿ ಬಾಗಿಲ ಕಡೆ ಮುಖ ಮಾಡಿ ಕೂರಿಸಿ. ಬಾಗಿಲಿಗೆ ಚಿಲಕ ಹಾಕಿ. ಚೀಲನ ನಿಧಾನಕ್ಕೆ ಬಿಡಿ, ನಿಧಾನಕ್ಕೆ ಎತ್ತಿ. ಕೈ ಜೋಮು ಹಿಡಿದ್ರೆ, ತಲೆ ಸುತ್ತಿದ್ರೆ ಅಲ್ಲಿಗೇ ನಿಲ್ಲಿಸಿ. ಒಬ್ರನ್ನೇ ಬಿಟ್ಟು ಹೋಗಬೇಡಿ. ಯಜಮಾನ್ರು ಮಾತಾಡೋ ಹಾಗಿಲ್ಲ, ಗದ್ದ ಅಲ್ಲಾಡತ್ತೆ. ಮತ್ತೆ ಎಂಟೇ ನಿಮಿಷ. ಒಂಬತ್ತಲ್ಲ!"

"ಕೇಳಿಸ್ತೇನ್ರೀ?" ಎಂದು ಇವರನ್ನು ತಿವಿದೆ.

"ಹೂಂ, ಕೇಳಿಸ್ತು. ಅದಕ್ಕೆ ಎಣ್ಣೆ ಹಾಕಬೇಕು" ಎಂದರು. ಅವರು ಕೇಳಿಸಿಕೊಂಡದ್ದು ಆಸ್ಪತ್ರೆಯ ಗೋಡೆ ಗಡಿಯಾರವನ್ನು!

ಮೊದಲ ಮೂರು ದಿನ ನಮ್ಮ ಹಿಂದಿನ ಕೋಣೆ ದೊಡ್ಡಾಸ್ಪತ್ರೆಯನ್ನು ನಾಚಿಸುವ ಹಾಗೆ ನಡೆಯಿತು. ಮೊದಲನೆಯ ದಿನ ಮಾತ್ರ ನಾನು ಚೀಲಕ್ಕೆ ಕೈ ಹಾಕಿದರೆ ಅದರಲ್ಲಿ ನೀರಿನ ಗುಳುಗುಳು ಇಲ್ಲ. ಬಿಚ್ಚಿ ನೋಡಿದರೆ ಒಳಗೆ ಗೋಡೆ ಗಡಿಯಾರದ ಹಿತ್ತಾಳೆ ಗುಂಡು!

"ನೀರು ಒಂದು ತೂಕವೇನೇ? ಇದಾದ್ರೆ ನಿಯತ್ತಾಗಿ ಜಗ್ಗತ್ತೆ. ನಾನು ತೂಕ, ರಾಟೆಗಳಲ್ಲೇ ಮುದುಕನಾದವನು."

"ನೀವು ಗಡಿಯಾರ ಅಲ್ಲ! ತಲೆ ಕಿತ್ತು ಬಂದ್ರೆ ಬಿಡಿ ಭಾಗ ಎಲ್ಲಿಂದ ತರ್ಲಿ?" ಎಂದು ಗುಂಡು ಕಿತ್ತುಕೊಂಡು ಗೆರೆಯ ತನಕ ನೀರು ತುಂಬಿದೆ.

ಬಸ್ ಓಡಿಸುವ ನಮ್ಮ ಮಗಳಿಗೆ ಆ ಮೂರು ದಿನ ರಜೆ. ಅವಳ ಫೋನು ಎಂಟನೆಯ ನಿಮಿಷಕ್ಕೆ ಕೂಗುತ್ತಿತ್ತು, ನಾನು ಚೀಲ ಎತ್ತುತ್ತಿದ್ದೆ. ಮೂರನೆಯ ದಿನ ಇವರ ಕಣ್ಣು ನನ್ನ ಸೊಂಟದಿಂದ ಭುಜದ ತನಕ ಏರಿತು. ನಾನು ಬೀಗಿಹೋದೆ!

ಆದರೆ ಇನ್ನೊಂದು ಗುಟ್ಟಿನ ಸುಖವೂ ಇತ್ತು. ಒಪ್ಪಿಕೊಂಡುಬಿಡುತ್ತೇನೆ. ನಲವತ್ತಾರು ವರ್ಷ ಈ ಮನೆಯಲ್ಲಿ ಅವರು ಹೇಳುವವರು, ನಾನು ಕೇಳುವವಳು. ಈಗ ದಿನಕ್ಕೆ ಎಂಟು ನಿಮಿಷ, ಡಾಕ್ಟರ ಅಪ್ಪಣೆಯ ಮೇರೆಗೆ, ಗಂಡ ಬಾಯಿ ಬಿಡುವ ಹಾಗಿಲ್ಲ. ಎದ್ದು ಹೋಗುವ ಹಾಗೂ ಇಲ್ಲ! ಇಂಥ ಸುಯೋಗ ಯಾವ ರಾಣಿಗೆ ಸಿಕ್ಕೀತು? ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನೆಲ್ಲ ಕಂತು ಕಂತಾಗಿ ಬಿಚ್ಚತೊಡಗಿದೆ.

ಬುಧವಾರ ಮಗಳು ಕೆಲಸಕ್ಕೆ ಹೋದಳು. ಜೊತೆಗೆ ಫೋನೂ ಹೋಯಿತು. ಎದುರಿನ ಶಾಲೆಯಲ್ಲಿ ನಾಲ್ಕೂವರೆಯ ಗಂಟೆ ಹೊಡೆದಾಗ ಇವರನ್ನು ಕೂರಿಸಿ, ಪಟ್ಟಿ ಬಿಗಿದು, "ನೀವಾಗಿ ಕಿತ್ಕೊಂಡ್ರೆ ಕತ್ತು ಉಳುಕತ್ತೆ, ಹುಷಾರ್!" ಎಂದು ಹೆದರಿಸಿ, ಚೀಲ ಬಿಟ್ಟೆ. ಆಮೇಲೆ ನೆನಪಾಯಿತು. ಎಂಟು ನಿಮಿಷ ಅಳೆಯುವುದು ಯಾವುದರಲ್ಲಿ?

ನಗಬೇಡಿ. ನಮ್ಮ ಮನೆಯಲ್ಲಿ ಆಗ ಮೂವತ್ತೊಂದು ಗಡಿಯಾರಗಳಿದ್ದವು. ಆದರೆ ಎಲ್ಲವೂ ರೋಗಿಗಳು! ಒಂದು ಓಡುತ್ತದೆ, ಒಂದು ತೆವಳುತ್ತದೆ, ಒಂದಕ್ಕೆ ಮುಳ್ಳೇ ಇಲ್ಲ. ಗುಣವಾದದ್ದು ಆ ದಿನವೇ ಯಜಮಾನರ ಮನೆಗೆ ಹೊರಟುಹೋಗುತ್ತದೆ. ಇವರ ಸ್ವಂತ ಕೈಗಡಿಯಾರ ನಿಂತು ಎರಡು ವರ್ಷ. ರಿಪೇರಿಗೆ ಇವರಿಗೆ ಪುರುಸೊತ್ತಿಲ್ಲ.

ಇವರ ಹಗ್ಗ ಜಗ್ಗದ ಹಾಗೆ ಬಾಗಿಲನ್ನು ಒಂದಿಷ್ಟೇ ಸರಿಸಿ, ಸಂದಿಯಲ್ಲಿ ತೂರಿ ಮುಂದಿನ ಕೋಣೆಗೆ ಓಡಿ ಎಲ್ಲದಕ್ಕೂ ಕಿವಿಗೊಟ್ಟೆ. ಅದರಲ್ಲಿ ಒಂದು ಮರದ ಗಡಿಯಾರ ಗಂಭೀರವಾಗಿ, ತೂಕವಾಗಿ, ಒಂದು ಮಾತು ತಪ್ಪದೆ ಟಿಕ್ ಟಿಕ್ ಅನ್ನುತ್ತಿತ್ತು. ಇದೇ ಆರೋಗ್ಯವಂತ ಎಂದು ತೀರ್ಮಾನಿಸಿ, ಎರಡೂ ಕೈಯಲ್ಲಿ ತಬ್ಬಿಕೊಂಡು ಬಂದು ಇವರ ಬೆನ್ನ ಹಿಂದಿನ ಮೇಜಿನ ಮೇಲಿಟ್ಟೆ. ಕೈ ತುಂಬ ಗಡಿಯಾರ ಇದ್ದದ್ದರಿಂದ ಬಾಗಿಲನ್ನು ಕಾಲಿನಲ್ಲೇ ಎಳೆದುಕೊಂಡೆ. ಚಿಲಕ ಮರೆತೆ.

ಆ ದಿನದ ಕಂತು ಇವರ ಅಕ್ಕನದು. ಆಕೆ ನಮ್ಮಲ್ಲಿ ಹದಿನೆಂಟು ದಿನ ಇದ್ದು, ನಾನು ಕೈಯಾರೆ ಹತ್ತಿ ತುಂಬಿಸಿದ ಹಾಸಿಗೆಯ ಮೇಲೆ ಮಲಗಿ, ಹೊರಡುವಾಗ ಬಾಗಿಲಲ್ಲಿ ನಿಂತು "ಏನೋ ಅಂದ್ಕೊಂಡಿದ್ದೆ, ಹಾಸಿಗೆ ಗಟ್ಟಿ" ಎಂದ ಪ್ರಸಂಗ! ನಾನು ಶುರು ಮಾಡಿದ ಕೂಡಲೇ ಇವರು ಕೈ ಎತ್ತಿ ಗಾಳಿಯಲ್ಲಿ ಒಂದು ಸುತ್ತು ಬರೆದರು. ಮೊದಲಿಂದ ಹೇಳು ಅಂತಿದ್ದಾರೆ ಅಂದುಕೊಂಡೆ. ಮೊದಲಿಂದ ಹೇಳಿದೆ. ಮತ್ತೆ ಸುತ್ತು ಬರೆದರು, ಬೆನ್ನ ಹಿಂದಕ್ಕೆ ಬೆರಳು ತೋರಿಸಿದರು, ಇಲ್ಲ ಇಲ್ಲ ಎಂದು ಕೈ ಆಡಿಸಿದರು.

"ಇಲ್ಲ ಅಂದ್ರೆ ಆಯ್ತಾ? ನಿಮ್ಮಕ್ಕ ಅಂದಿದ್ದು ನನ್ನ ಈ ಎರಡು ಕಿವಿ ಕೇಳಿವೆ!"

ಅವರು ತೊಡೆ ಬಡಿದುಕೊಂಡರು. ಕೊನೆಗೂ ಪಶ್ಚಾತ್ತಾಪ ಆಯಿತು ಎಂದು ನನಗೆ ಕಣ್ಣು ತುಂಬಿ ಬಂತು. ಗಡಿಯಾರ ನೋಡಿದೆ. ಆರೇ ನಿಮಿಷ! ದೇವರು ದೊಡ್ಡವನು, ಇನ್ನೂ ಎರಡಿದೆ ಎಂದು ಅಕ್ಕನ ಗಂಡನ ವಿಷಯ ಎತ್ತಿಕೊಂಡೆ.

ಅಷ್ಟರಲ್ಲಿ ಬಾಗಿಲು ತೆರೆಯಿತು.

ಕೆಲಸ ಮುಗಿಸಿ ಬಂದ ಮಗಳು ಹೊರಗಿನಿಂದ ಬಾಗಿಲನ್ನು ಎಳೆದಿದ್ದಳು. ಬಾಗಿಲು ಹೊರಟಿತು. ಬಾಗಿಲ ಹಿಂದೆ ಹಗ್ಗ, ಹಗ್ಗದ ಹಿಂದೆ ನನ್ನ ಗಂಡ. ಬುದ್ಧಿವಂತರು, ಕುರ್ಚಿ ಸಮೇತ ಕಾಲಲ್ಲೇ ತಳ್ಳಿಕೊಂಡು ಬಾಗಿಲ ಜೊತೆಗೇ ಹೊರಟರು! ಕುರ್ಚಿಯ ಕೆಳಗಿನ ಚಾಪೆಯೂ ಹೊರಟಿತು. ಚಾಪೆಯ ಮೇಲೆ ಕೂತಿದ್ದ ನಾನೂ ಹೊರಟೆ. ಹೀಗೆ ಇಡೀ ಸಂಸಾರ ಮೆರವಣಿಗೆಯಲ್ಲಿ ಹೊಸ್ತಿಲ ತನಕ ಬಂತು. ಚೀಲದ ಮುಚ್ಚಳ ಹಾರಿ ನೀರೆಲ್ಲ ಮಗಳ ಬೂಟಿನೊಳಗೆ ಇಳಿಯಿತು.

"ಅಮ್ಮಾ! ಎಷ್ಟು ಹೊತ್ತಿಂದ ಹೀಗೆ ಕೂರ್ಸಿದ್ದೀಯ?"

"ಶಾಲೆ ಗಂಟೆ ಹೊಡೆದಾಗಿಂದ. ಆರು ನಿಮಿಷ ಆಯ್ತು."

"ಆರಾ? ಈಗ ಐದು ಗಂಟೆಗೆ ನಾಲ್ಕು ನಿಮಿಷ ಇದೆ!"

ಇಪ್ಪತ್ತಾರು ನಿಮಿಷ! ಪಟ್ಟಿ ಬಿಚ್ಚಿದ ಕೂಡಲೇ ಇವರು ಮರಗಟ್ಟಿದ ಗದ್ದ ತಿಕ್ಕಿಕೊಂಡು ಕೂಗಿದರು.

"ಅದರ ಟಿಕ್ ಟಿಕ್ ಕೇಳಿದ ಕೂಡ್ಲೇ ಗೊತ್ತಾಯ್ತು ಕಣೇ! ಅದರ ಸದ್ದು ಸರಿ ಇದೆ, ಮುಳ್ಳು ಜಾರತ್ತೆ! ಗಡಿಯಾರ, ಗಡಿಯಾರ ಅಂತ ಎಷ್ಟು ಸಲ ಸುತ್ತು ಬರೆದು ತೋರಿಸ್ಲಿ?" ಒಂದು ಉಸಿರು ಎಳೆದುಕೊಂಡು ಸೇರಿಸಿದರು, "ಮತ್ತೆ ನಮ್ಮಕ್ಕ ಹಾಗೆ ಅಂದಿರಲಿಲ್ಲ!"

ಮರುದಿನ ಬೆಳಿಗ್ಗೆ ಕತ್ತು ಕಬ್ಬಿಣ. ಮೇಲಕ್ಕೂ ಇಲ್ಲ, ಪಕ್ಕಕ್ಕೂ ಇಲ್ಲ. ಶನಿವಾರಕ್ಕೆ ಎರಡೇ ದಿನ. ಇವರು ಎದ್ದು ಹೋಗಿ, ಗುರುಗಳು ಕೊಟ್ಟ ಕೀಲಿಯನ್ನು ಬಟ್ಟೆಯಲ್ಲಿ ಒರೆಸಿ ಕಪಾಟಿನೊಳಗೆ ಇಟ್ಟುಬಿಟ್ಟರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಡಾಕ್ಟರಮ್ಮನ ಹತ್ತಿರ ನಿಜ ಹೇಳಿಬಿಟ್ಟೆ. ಅವರು ಕತ್ತನ್ನೂ ಕೈಗಳನ್ನೂ ಪರೀಕ್ಷೆ ಮಾಡಿ, "ನೀರು ಗೆರೆ ತನಕವೇ ಇತ್ತಲ್ಲ, ಅದರಿಂದ ಬಚಾವ್" ಎಂದರು. ಗುಂಡು ಕಿತ್ತುಕೊಂಡ ನನ್ನ ಕೈಗೆ ನಾನೇ ಮನಸ್ಸಿನಲ್ಲಿ ನಮಸ್ಕಾರ ಹಾಕಿದೆ! "ಇವತ್ತು ಏನೂ ಬೇಡ, ಬಿಸಿ ಶಾಖ ಅಷ್ಟೆ. ನಾಳೆ ಸಡಿಲವಾಗಿದ್ರೆ ಐದು ನಿಮಿಷ. ಮತ್ತೆ ಅಮ್ಮ, ಅಷ್ಟು ಹೊತ್ತು ನೀವೂ ಮಾತಾಡೋ ಹಾಗಿಲ್ಲ."

ಇಡೀ ಗುರುವಾರ ಶಾಖ ಕೊಟ್ಟೆ. ಶುಕ್ರವಾರ ಬಾಗಿಲಿಗೆ ಚಿಲಕ, ಚಿಲಕಕ್ಕೆ ಅಡ್ಡ ಮೇಜು. ಮಗಳು ಒಂದು ಕೈಯಲ್ಲಿ ಫೋನು ಹಿಡಿದು, ಇನ್ನೊಂದು ಕೈಯಲ್ಲಿ ನನ್ನ ಬಾಯಿಯ ಕಡೆ ಬೆರಳು ತೋರಿಸಿ ನಿಂತಳು. ಆ ಐದು ನಿಮಿಷ ನಾನು ಹೇಗೆ ಬಾಯಿ ಮುಚ್ಚಿಕೊಂಡಿದ್ದೆನೋ, ನನ್ನ ಹೊಟ್ಟೆಗೇ ಗೊತ್ತು. ಪಟ್ಟಿ ಬಿಚ್ಚಿದರೆ, ಇವರು ಮೆಲ್ಲಗೆ ಗದ್ದ ಎತ್ತಿ ನನ್ನ ಮುಖವನ್ನೇ ನೋಡಿದರು. ನೋಡಿ, "ಅಕ್ಕನ ಗಂಡಂದು ಏನೋ ಶುರು ಮಾಡಿದ್ದೆ. ಆಮೇಲೇನಾಯ್ತು?" ಎಂದರು!

ಶನಿವಾರ ಗೋಪುರದ ಎಪ್ಪತ್ತೆರಡು ಮೆಟ್ಟಿಲನ್ನು ಇವರ ಹಿಂದೆಯೇ ಹತ್ತಿದೆ. ಅಧ್ಯಕ್ಷರು ಆಗಲೇ ಮೇಲಿದ್ದರು. ಕೈಯಲ್ಲಿ ಕೆಂಪು ಅಂಕಿ ಬೋರ್ಡಿನ ಬಣ್ಣದ ಚಿತ್ರ!

"ಎರಡು ಸಲ ಬೇರೆಯವರನ್ನ ಕರೆಸಿ ಕೆಳಗಿನ ಯಂತ್ರ ಎಲ್ಲಾ ಬಿಚ್ಚಿಸಿ ನೋಡಾಯ್ತು ಯಜಮಾನ್ರೇ. ಏನೂ ಸಿಗಲಿಲ್ಲ."

ಇವರು ಕೆಳಗಿನ ಯಂತ್ರದ ಕಡೆ ತಿರುಗಿಯೂ ನೋಡಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ನಿಂತು, ಕತ್ತನ್ನು ಎತ್ತಿದರು. ಎತ್ತಿದರು ಅಂದರೆ ಹೇಗೆ! ಭುಜ ಬಿಟ್ಟು, ಗದ್ದ ಬಿಟ್ಟು, ಕೊರಳಿನ ಗಂಟು ಕಾಣುವ ಹಾಗೆ! ಆ ಗಂಟನ್ನು ನಾನು ಮದುವೆಯಾದ ಹೊಸದರಲ್ಲಿ ನೋಡಿದ್ದು.

"ಅಲ್ಲಿದೆ ನೋಡಿ" ಎಂದರು.

ಮುಳ್ಳುಗಳ ಹಿಂದಿನ ಚಕ್ರಗಳ ನಡುವೆ ಬೆರಳುದ್ದದ ಒಂದು ಒಣ ಕಡ್ಡಿ. ಪಾರಿವಾಳದ ಗೂಡಿನದು! ಇಕ್ಕಳದಲ್ಲಿ ಮೆಲ್ಲಗೆ ಎಳೆದರು, ಎಣ್ಣೆ ಬಿಟ್ಟರು, ಗುರುಗಳ ಕೀಲಿ ಹಾಕಿ ತಿರುಗಿಸಿದರು. ದೊಡ್ಡ ಚಕ್ರ ಒಮ್ಮೆ ಹೂಂಕರಿಸಿ ಹೊರಟೇಬಿಟ್ಟಿತು. ಹನ್ನೊಂದು ಗಂಟೆ ಹೊಡೆದಾಗ ಕೆಳಗೆ ಇಡೀ ಮಾರುಕಟ್ಟೆ ತಕ್ಕಡಿ ಬಿಟ್ಟು ಮೇಲೆ ನೋಡಿತು. ಅಧ್ಯಕ್ಷರು ಬೋರ್ಡಿನ ಚಿತ್ರವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ತುರುಕಿದರು.

ಕೆಳಗಿಳಿದು ತರಕಾರಿಯವಳಿಗೆ ಹೇಳಿದೆ, ಹಣ್ಣಿನವನಿಗೆ ಹೇಳಿದೆ, ಕೇಳದವರಿಗೂ ನಿಲ್ಲಿಸಿ ಹೇಳಿದೆ. "ಗಡಿಯಾರ ರಿಪೇರಿ ಮಾಡಿದ್ದು ಅವರು. ಅವರನ್ನ ರಿಪೇರಿ ಮಾಡಿದ್ದು ನಾನು!" ದಾರಿಯುದ್ದಕ್ಕೂ ಇವರು ಜನರ ಮುಖ ನೋಡಿ ನೋಡಿ ಆಶ್ಚರ್ಯಪಟ್ಟರು. "ಓ, ನಿಮಗೆ ಮೀಸೆ ಇದೆಯಾ!"

ಮನೆಗೆ ಬಂದು ಇವರನ್ನು ನಡುಮನೆಯ ಕುರ್ಚಿಯಲ್ಲಿ ಮಹಾರಾಜರ ಹಾಗೆ ಕೂರಿಸಿ, ನಾನು ಎದುರಿಗೆ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ ನಿಂತೆ. ಹೊಗಳಿಕೆಗೆ ಜಾಗ ಬಿಟ್ಟು ಕಾದೆ. ಇವರು ಹಾಯಾಗಿ ಹಿಂದಕ್ಕೆ ಒರಗಿ ತಲೆ ಎತ್ತಿದರು. ಎತ್ತಿದವರು ಹಾಗೇ ಉಳಿದರು. ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ನಿಧಾನವಾಗಿ ಕಣ್ಣು ಓಡಿಸಿದರು.

"ಏನೇ ಇದು?"

"ಯಾವುದು?"

"ಸೂರಿನ ತುಂಬ ಜೇಡರ ಬಲೆ! ಆ ಫ್ಯಾನಿನ ರೆಕ್ಕೆ ಮೊದಲು ಬಿಳೀ ಇತ್ತಲ್ವೇನೇ? ಕಪಾಟಿನ ನೆತ್ತಿ ಮೇಲೆ ಬೆರಳಲ್ಲಿ ಹೆಸರು ಬರೀಬಹುದು! ಎಷ್ಟು ವರ್ಷ ಆಯ್ತು ಅಲ್ಲಿ ಪೊರಕೆ ಆಡಿಸಿ?"

ಇಷ್ಟು ವರ್ಷ ನಾನು ನೆಲ ಕನ್ನಡಿಯ ಹಾಗೆ ಇಟ್ಟಿದ್ದೆ. ಅವರು ನೋಡುತ್ತಿದ್ದದ್ದು ಅಷ್ಟೇ ತಾನೇ!

ಈಗ ನಾನು ಮೂರನೆಯ ದಿನವೂ ಉದ್ದ ಪೊರಕೆ ಹಿಡಿದು ಮಣೆಯ ಮೇಲೆ ನಿಂತಿದ್ದೇನೆ. ಇವರು ಕುರ್ಚಿಯಲ್ಲಿ ಒರಗಿ, "ಬಲಗಡೆ ಕಣೇ... ಇನ್ನೂ ಸ್ವಲ್ಪ ಮೇಲೆ... ಅಲ್ಲೊಂದು ಬಿಟ್ಟೆ" ಎನ್ನುತ್ತಿದ್ದಾರೆ. ಯಾರಿಗೆ ದೂರಲಿ? ಆ ತಲೆ ಎತ್ತಿಸಿದವಳು ನಾನೇ ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದೇನಲ್ಲ!